ಮಡಚಿಟ್ಟ ಎರಡು ಸಾಲುಗಳು

ಹೆಸರು ಬರೆಯಬಾರದು ಎಂಬುದು ನಾನು ಕಲಿಸಿದ ಮೊದಲ ನಿಯಮ. ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ ನೀರಿನ ವಾಲ್ವ್ ತಯಾರಿಸುವ ಒಂದು ಕಾರ್ಖಾನೆ. ಅದರ ಊಟದ ಕೋಣೆಯಲ್ಲಿ ಹಲಗೆಯೊಂದನ್ನು ಗೋಡೆಗೆ ಒರಗಿಸಿ, ಯಂತ್ರ ನಡೆಸುವ ಹದಿನಾರು ಜನರ ಎದುರು ಅದನ್ನು ದಪ್ಪಕ್ಷರದಲ್ಲಿ ಬರೆದೆ. ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ಪದವಿ ಮುಗಿದು ಆಗಷ್ಟೇ ಮೂರು ತಿಂಗಳಾಗಿತ್ತು. ಧಾರವಾಡದ ಸಪ್ತಾಪುರದಲ್ಲಿದ್ದ ಬಾಡಿಗೆ ಕೋಣೆಯನ್ನು ಇನ್ನೂ ಬಿಟ್ಟಿರಲಿಲ್ಲ; ಅಲ್ಲಿಂದಲೇ ಬಸ್ಸು ಹಿಡಿದು ಬರುತ್ತಿದ್ದೆ. ಕೆಟ್ಟ ಮಾಲು ಬಂದಾಗ ಅದರ ಕಾರಣವನ್ನು ಕ್ರಮವಾಗಿ ಹುಡುಕುವುದನ್ನು ಆಪರೇಟರುಗಳಿಗೆ ಕಲಿಸುವುದು ನನ್ನ ಕೆಲಸ. ಒಂದು ಹಾಳೆ, ಐದು ಸಾಲು, ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ಯಾಕೆ? ಮೊದಲ ಉತ್ತರವನ್ನು ಹಿಡಿದು ಎರಡನೆಯದನ್ನು ಕೇಳಬೇಕು, ಎರಡನೆಯದನ್ನು ಹಿಡಿದು ಮೂರನೆಯದನ್ನು. ಐದಕ್ಕೆ ಮುಟ್ಟುವ ಹೊತ್ತಿಗೆ ಮನುಷ್ಯ ಹಿಂದೆ ಸರಿದು, ಅವನನ್ನು ತಪ್ಪಿನೆಡೆಗೆ ನೂಕಿದ ವ್ಯವಸ್ಥೆ ಕಣ್ಣಿಗೆ ಬೀಳುತ್ತದೆ ಎಂದು ಓದಿದ್ದೆ. ನಂಬಿಯೂ ಇದ್ದೆ.

ಆ ಹದಿನಾರು ಜನ ನಂಬಿರಲಿಲ್ಲ. ಲೇತ್ ಯಂತ್ರದ ಆಪರೇಟರ್ ಒಬ್ಬರು ಹಿಂದಿನ ಬೆಂಚಿನಿಂದ ಹೇಳಿದರು: "ಅಕ್ಕಾರ, ನಮ್ಮ ಮನ್ಯಾಗ ಯಾಕ ಅಂತ ಒಂದ ಸಲ ಕೇಳಿದ್ರ ಜಗಳ ಹತ್ತತೈತಿ. ನೀವು ಐದು ಸಲ ಕೇಳಾಕ ಹೇಳ್ತೀರಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆಗ ಬಾಗಿಲಲ್ಲಿ ನಿಂತಿದ್ದ ಗುಣಮಟ್ಟ ವಿಭಾಗದ ಮುಖ್ಯಸ್ಥರು ಒಳಗೆ ಬಂದರು. ಅವರು ನಾನು ಓದಿದ ವಿಭಾಗದಲ್ಲೇ ಕೆಲವು ವರ್ಷ ಮೊದಲು ಓದಿದವರು. ನನ್ನನ್ನು ಈ ಕೆಲಸಕ್ಕೆ ಕರೆದವರೂ ಅವರೇ. "ಈ ಹಾಳ್ಯಾಗ ಬರದದ್ದಕ್ಕ ಯಾರ ಮ್ಯಾಲೂ ಕ್ರಮ ಆಗೂದಿಲ್ಲ," ಎಂದರು. "ಇದು ನನ್ನ ಮಾತು." ಹಾಗೆನ್ನುವಾಗ ಅವರ ಅಂಗೈ ಎದೆಯ ಮೇಲಿತ್ತು. ಆ ಅಂಗೈಯನ್ನು ನಾನು ಮರೆಯುವುದಿಲ್ಲ.

ಎರಡು ವಾರದ ಮೇಲೆ ಗಿರಾಕಿಯೊಬ್ಬರು ಒಂದು ಇಡೀ ಲಾಟನ್ನು ಹಿಂದಿರುಗಿಸಿದರು. ವಾಲ್ವ್ ಸೋರುತ್ತಿತ್ತು. ಪಾಠದಲ್ಲಿ ಕಲಿತದ್ದನ್ನು ನಿಜವಾದ ತೊಂದರೆಯ ಮೇಲೆ ಪ್ರಯೋಗಿಸುವ ಅವಕಾಶ ಬಂತೆಂದು ನಾನು ಉತ್ಸಾಹದಿಂದಲೇ ಹಾಳೆ ತೆಗೆದೆ. ಲಾಟಿನ ಗುರುತು ನೋಡಿದಾಗ ಅದು ಡ್ರಿಲ್ಲಿಂಗ್ ಯಂತ್ರ ನಾಲ್ಕರ ಮೊದಲ ಪಾಳಿಯದು ಎಂದು ತಿಳಿಯಿತು. ಹಾಳೆಯ ತಲೆಯಲ್ಲಿ ಅದನ್ನೇ ಬರೆದೆ: ಯಂತ್ರ ನಾಲ್ಕು, ಮೊದಲ ಪಾಳಿ. ಹೆಸರು ಬರೆಯಲಿಲ್ಲ. ನಿಯಮ ಪಾಲಿಸಿದೆನೆಂಬ ಸಮಾಧಾನ ನನಗಿತ್ತು.

ಆ ಯಂತ್ರದ ಮುಂದೆ ನಿಲ್ಲುತ್ತಿದ್ದವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ಹಳೇಹುಬ್ಬಳ್ಳಿಯ ಮೆಕ್ಯಾನಿಕರ ಮನೆತನದವರು. ಡ್ರಿಲ್ಲಿನ ಸದ್ದು ಕೇಳಿಯೇ ಅದರ ಮೊನೆ ಎಷ್ಟು ಸವೆದಿದೆ ಎಂದು ಹೇಳಬಲ್ಲವರು. ನಾನು ಹಾಳೆ ಹಿಡಿದು ಹೋದಾಗ ಅವರು ಕೈ ಒರೆಸಿಕೊಂಡು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು.

"ಖರೇ ಹೇಳ್ಲೇನ್ರಿ, ಇಲ್ಲಾ ನಿಮಗ ಬೇಕಾದ್ದು ಹೇಳ್ಲಿ?"

"ಖರೇನೇ ಹೇಳ್ರಿ ಕಾಕಾ."

ಹೇಳಿದರು. ವಾಲ್ವ್ ಸೋರಿದ್ದು ರಂಧ್ರ ಓರೆಯಾಗಿದ್ದರಿಂದ. ರಂಧ್ರ ಓರೆಯಾದದ್ದು ಕೊರೆಯುವ ತುಂಡು ಅದನ್ನು ಹಿಡಿದಿಡುವ ಚೌಕಟ್ಟಿನಲ್ಲಿ ಸಮನಾಗಿ ಕೂರದ್ದರಿಂದ. ಕೂರದ್ದು ಯಾಕೆಂದರೆ, ಅದರ ಕೆಳಗೆ ಇಟ್ಟಿದ್ದ ತಗಡಿನಂಥ ತೆಳು ಹಾಳೆ, ಡ್ರಿಲ್ಲನ್ನು ತಂಪಾಗಿಸಲು ಹರಿಸುವ ಎಣ್ಣೆನೀರಿನಲ್ಲಿ ಊಟದ ಹೊತ್ತಿಗೆ ನೆನೆದು ಜರುಗಿತ್ತು. ಅವರು ಜೇಬಿನಿಂದ ಅಂಥದ್ದೇ ಒಂದನ್ನು ತೆಗೆದು ತೋರಿಸಿದರು: ಚಹಾಪುಡಿಯ ಪೊಟ್ಟಣದ ಬೆಳ್ಳಿ ಬಣ್ಣದ ಹಾಳೆ, ಮೂರು ಮಡಿಕೆ, ಬೆರಳಿನಷ್ಟು ಅಗಲ. ಆ ಸಾಲಿನ ಯಂತ್ರಗಳಲ್ಲೆಲ್ಲ ಇದು ರೂಢಿ. ಕ್ಯಾಂಟೀನಿನವಳು ಖಾಲಿ ಪೊಟ್ಟಣಗಳನ್ನು ಎಸೆಯದೆ ಇವರಿಗಾಗಿ ಎತ್ತಿಡುತ್ತಿದ್ದಳು. ಹೊಸಬರಿಗೆ ಹಿರಿಯರು ಮೊದಲು ಕಲಿಸುತ್ತಿದ್ದ ವಿದ್ಯೆಯೇ ಆ ಮಡಿಕೆ.

ನಾಲ್ಕನೆಯ ಯಾಕೆ: ಆ ಹಾಳೆಯನ್ನು ಇಡುವುದೇಕೆ? ತುಂಡನ್ನು ನಿಲ್ಲಿಸುವ ಪಿನ್ನು ಒಂದು ಬದಿಗೆ ಸವೆದಿದೆ. ಹಾಳೆ ಇಡದಿದ್ದರೆ ಎಲ್ಲ ರಂಧ್ರವೂ ಓರೆ. ಐದನೆಯದು: ಪಿನ್ನು ಬದಲಾಯಿಸಲಿಲ್ಲವೇಕೆ? ಕಾಕಾ ಪಾಳಿಯ ಪುಸ್ತಕವನ್ನು ತೆರೆದರು. ಪಿನ್ನು ಬದಲಿಸಬೇಕೆಂದು ಅವರ ದುಂಡನೆಯ ಅಕ್ಷರದಲ್ಲಿ ಮೂರು ಸಲ ಬರೆದಿತ್ತು. ಮೂರರ ಕೆಳಗೂ 'ಈ ತಿಂಗಳ ಮಾಲು ಹೋದ ಮೇಲೆ ನೋಡೋಣ' ಎಂಬ ಉತ್ತರವಿತ್ತು, ಒಂದೇ ಕಿರುಸಹಿ ಇತ್ತು. ಅದು ಎದೆಯ ಮೇಲೆ ಅಂಗೈ ಇಟ್ಟವರದು.

ಐದೂ ಸಾಲುಗಳನ್ನು ನನ್ನ ಕೈಯಾರೆ ತುಂಬಿ, ಹಾಳೆಯನ್ನು ಮುಖ್ಯಸ್ಥರ ಮೇಜಿನ ಮೇಲೆ ಇಟ್ಟೆ. ಅವರು ಓದಿ, "ಛಲೋ ಆಗೇತಿ," ಎಂದರು.

ಮೂರನೆಯ ದಿನ ಸೂಚನಾ ಫಲಕದ ಮುಂದೆ ಗುಂಪು ನಿಂತಿತ್ತು. ಅಲ್ಲಿ ನನ್ನ ಕೈಬರಹ ಅಂಟಿಕೊಂಡಿತ್ತು. ಮೂಲವಲ್ಲ, ಅದರ ಪ್ರತಿ. ಪ್ರತಿ ತೆಗೆಯುವ ಮೊದಲು ಹಾಳೆಯನ್ನು ಮೂರನೆಯ ಸಾಲಿನ ಕೆಳಗೆ ಮಡಚಿದ್ದರು. ಮಡಿಕೆಯ ನೆರಳು ತೆಳುವಾದ ಗೆರೆಯಾಗಿ ಅಚ್ಚಾಗಿತ್ತು. ಗೆರೆಯ ಕೆಳಗೆ ಬೆರಳಚ್ಚಿನ ಒಂದು ವಾಕ್ಯ: ಮೂಲ ಕಾರಣ, ಆಪರೇಟರ್ ಅನಧಿಕೃತ ವಸ್ತು ಬಳಸಿದ್ದು. ಅದೇ ಬೆಳಿಗ್ಗೆ ಕಾಕಾರಿಗೆ ನೋಟಿಸು ಕೊಟ್ಟು, ಯಂತ್ರದಿಂದ ತೆಗೆದು, ತುಂಡುಗಳ ಅಂಚು ಉಜ್ಜುವ ಮೇಜಿಗೆ ಕೂರಿಸಿದ್ದರು. ನೋಟಿಸಿಗೆ ಸಾಕ್ಷ್ಯವಾಗಿ ಲಗತ್ತಿಸಿದ್ದೂ ಅದೇ ಹಾಳೆ.

ನಾನು ಓಡಿಹೋಗಿ ಕಾಕಾರೆದುರು ನಿಂತು, ಹೆಸರು ಬರೆದಿರಲಿಲ್ಲ ಎಂದೆ. ಅವರು ಅಂಚು ಉಜ್ಜುತ್ತಿದ್ದ ಅರವನ್ನು ಕೆಳಗಿಡಲಿಲ್ಲ.

"ಹೌದ್ರಿ, ಹೆಸರು ಬರದಿಲ್ಲ. ಯಂತ್ರ ನಾಲ್ಕು, ಮೊದಲನೇ ಪಾಳಿ ಅಂತ ಬರದೀರಿ. ಹನ್ನೊಂದು ವರ್ಷದಿಂದ ಅಲ್ಲಿ ಮತ್ತ ಯಾರು ನಿಂತಾರ್ರಿ?"

ಅಷ್ಟು ಓದಿದ ನನಗೆ ಇಷ್ಟು ಹೊಳೆದಿರಲಿಲ್ಲ. ಅಂಕಿಗಳ ಹಿಂದೆ ಮನುಷ್ಯರಿರುತ್ತಾರೆ ಎಂಬುದನ್ನು ತರಗತಿಯಲ್ಲಿ ಎಷ್ಟು ಸಲ ಕೇಳಿದ್ದೆನೋ. ಒಂದು ಅಂಕಿಯ ಹಿಂದೆ ಒಬ್ಬರೇ ಇದ್ದರೆ ಆ ಅಂಕಿಯೇ ಅವರ ಹೆಸರು.

ಮುಖ್ಯಸ್ಥರ ಕೋಣೆಯಲ್ಲಿ ನಾನು ಕೂರಲಿಲ್ಲ. ಉಳಿದ ಎರಡು ಸಾಲು ಎಲ್ಲಿ ಎಂದು ಕೇಳಿದೆ.

"ಗಿರಾಕಿಗೆ ಮೂರು ಸಾಕವ್ವಾ. ಕೆಳಗಿನ ಎರಡು ನಮ್ಮ ಒಳಗಿನ ಮಾತು."

"ನೀವು ಮಾತು ಕೊಟ್ಟಿದ್ರಿ, ಸರ್. ಹದಿನಾರು ಮಂದಿ ಮುಂದ."

"ನೀನು ಇನ್ನೂ ಯುನಿವರ್ಸಿಟ್ಯಾಗ ಅದೀ," ಎಂದು ಅವರು ಮೆಲ್ಲಗೆ, ಬೇಸರವೂ ಇಲ್ಲದೆ ಹೇಳಿದರು. ಮೂಲ ಹಾಳೆಯನ್ನು ಕೇಳಿದೆ; ಫೈಲಿನಲ್ಲಿದೆ ಎಂದರು. ಪಾಳಿಯ ಪುಸ್ತಕವನ್ನು ಕೇಳಿದೆ. ಅದು ತುಂಬಿತೆಂದು ಹೊಸದನ್ನು ಇಟ್ಟಿದ್ದಾರಂತೆ. ಹಳೆಯದರಲ್ಲಿ ಅರ್ಧ ಪುಟಗಳು ಖಾಲಿ ಇದ್ದುದನ್ನು ನಾನು ಮೂರು ದಿನದ ಹಿಂದೆ ನೋಡಿದ್ದೆ.

ಅದೇ ವಾರ ಯಂತ್ರ ನಾಲ್ಕನ್ನು ಅರ್ಧ ದಿನ ನಿಲ್ಲಿಸಿ ಪಿನ್ನು ಬದಲಾಯಿಸಿದರು. ಮೂರು ಸಲ ಕೇಳಿದವರನ್ನು ತೆಗೆದ ಮೇಲೆ, ಅವರ ಜಾಗಕ್ಕೆ ಬಂದ, ಒಮ್ಮೆಯೂ ಕೇಳದವರಿಗಾಗಿ.

ಮುಂದಿನ ತರಗತಿಗೆ ಎಲ್ಲರೂ ಬಂದರು, ಕಾಕಾ ಒಬ್ಬರನ್ನು ಬಿಟ್ಟು. ನಾನು ಒಂದು ಉದಾಹರಣೆ ಕೊಟ್ಟು ಮೊದಲ ಯಾಕೆ ಕೇಳಿದೆ. ಮನೆಯ ಜಗಳದ ಬಗ್ಗೆ ನಗೆಯಾಡಿದ್ದ ಲೇತ್ ಆಪರೇಟರ್ ಎದ್ದು ನಿಂತರು. "ಆಪರೇಟರ್ ಲಕ್ಷ್ಯ ಕೊಡ್ಲಿಲ್ರಿ," ಎಂದರು. ಎರಡನೆಯ ಯಾಕೆಗೆ, "ಗೊತ್ತಿಲ್ರಿ." ಹದಿನೈದು ಹಾಳೆಗಳಲ್ಲೂ ಒಂದೇ ವಾಕ್ಯ ಬಂದಿತ್ತು. ಅದನ್ನು ಅವರು ಕಲಿತದ್ದು ನನ್ನಿಂದಲೇ.

ಆ ಭಾನುವಾರ ಹಳೇಹುಬ್ಬಳ್ಳಿಗೆ ಹೋದೆ. ಬಾಗಿಲು ತೆಗೆದ ಕಾಕಾರ ಹೆಂಡತಿ ನನ್ನನ್ನು ನೋಡಿ, ಒಳಗೆ ತಿರುಗಿ ಕೇಳಿದರು: "ಹಾಳಿ ಬರದ ಅಕ್ಕಾರು ಇವ್ರೇನು?" ಮತ್ತೆ ನನಗೆ, "ಬರ್ರಿ. ಚಾ ಕುಡೀರಿ. ಇಲ್ಲಿ ಹೇಳಿದ್ದನ್ನ ಬರಕೋಬ್ಯಾಡ್ರಿ ಮತ್ತ."

ನಾನು ಕ್ಷಮೆ ಕೇಳಿದೆ. ಕಾಕಾ ಬಸಿಯಲ್ಲಿ ಚಹಾ ಆರಿಸುತ್ತ ಅಡ್ಡಡ್ಡ ತಲೆಯಾಡಿಸಿದರು.

"ಕ್ಷಮಾ ತಗೊಂಡು ನಾ ಏನು ಮಾಡ್ಲಿ. ಸೋಮವಾರ ನೋಟಿಸಿಗೆ ಉತ್ತರ ಕೊಡಬೇಕು. ನನಗ ಪೂರ್ತಿ ಹಾಳಿ ಬೇಕು."

ಅಲ್ಲಿಯೇ ಚಾಪೆಯ ಮೇಲೆ ಕುಳಿತು ಐದೂ ಸಾಲುಗಳನ್ನು ನೆನಪಿನಿಂದ ಮತ್ತೆ ಬರೆದೆ. ಪಾಳಿಯ ಪುಸ್ತಕದಲ್ಲಿ ಕಂಡದ್ದನ್ನೂ ಬರೆದೆ. ಈ ಸಲ ಒಂದು ಹೆಸರನ್ನು ಬರೆದೆ, ಅದು ನನ್ನದು. ಕೆಳಗೆ ಸಹಿ ಹಾಕಿದೆ. ಕಾಕಾ ಅದನ್ನು ಎರಡು ಸಲ ಓದಿ, ಮಡಚದೆ, ಒಂದು ರಟ್ಟಿನ ನಡುವೆ ಇಟ್ಟುಕೊಂಡರು.

ಆ ಹಾಳೆಯಿಂದಾಗಿ ನೋಟಿಸು ಮುಂದುವರಿಯಲಿಲ್ಲ, ಅದನ್ನು ಹಿಂದಕ್ಕೂ ಪಡೆಯಲಿಲ್ಲ. ಕಾಕಾ ಇಂದಿಗೂ ಅಂಚು ಉಜ್ಜುವ ಮೇಜಿನಲ್ಲಿಯೇ ಇದ್ದಾರೆ. ನಾನು ಈಗ ಆ ಕೆಲಸದಲ್ಲಿಲ್ಲ. ಆ ಫಲಕದಿಂದ ಮಡಚಿದ ಪ್ರತಿಯನ್ನು ತೆಗೆದರೆಂದು ಕೇಳಿದ್ದೇನೆ, ಪೂರ್ತಿ ಹಾಳೆಯನ್ನು ಅಂಟಿಸಿದರೆಂದು ಯಾರೂ ಹೇಳಿಲ್ಲ. ನಾನು ಕೇಳುವುದು ದೊಡ್ಡದೇನಲ್ಲ. ಮಾತು ಕೊಟ್ಟವರು ಅದೇ ಊಟದ ಕೋಣೆಗೆ ಬರಲಿ. ಅದೇ ಹದಿನಾರು ಜನರ ಎದುರು ನಿಂತು, ನಾಲ್ಕನೆಯ ಮತ್ತು ಐದನೆಯ ಸಾಲನ್ನು ಗಟ್ಟಿಯಾಗಿ ಓದಲಿ. ಕೈಯನ್ನು ಎಲ್ಲಿ ಬೇಕಾದರೂ ಇಟ್ಟುಕೊಳ್ಳಲಿ. ಆಮೇಲೆ ಕಾಕಾರನ್ನು ಯಂತ್ರ ನಾಲ್ಕರ ಮುಂದೆ ನಿಲ್ಲಿಸಲಿ.