ಲಾಭ, ಎರಡು, ಮೂರು

ಚಿಕ್ಕನಾಯಕನಹಳ್ಳಿ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಹನುಮಂತರಾಜು ಅವರ ಟೈಲರ್ ಅಂಗಡಿ ಇದೆ. ಅಂಗಡಿ ಎಂದರೆ ಒಂದು ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸುವ ಒಂದು ಹಲಗೆ, ಗೋಡೆಯ ತುಂಬ ಮೂವತ್ತೊಂದು ಗ್ರೂಪ್ ಫೋಟೋ. ಎಲ್ಲ ಫೋಟೋದಲ್ಲೂ ಕೊರಳಿಗೆ ಸ್ಕಾರ್ಫು ಕಟ್ಟಿದ ಸ್ಕೌಟ್ ಹುಡುಗರು, ನಡುವೆ ರಾಜಣ್ಣ. ಊರಿನವರಿಗೆಲ್ಲ ಅವರು ರಾಜಣ್ಣನೇ. ಹುಡುಗರು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ರಾಜಣ್ಣನ ಕೂದಲು ಮಾತ್ರ ಫೋಟೋದಿಂದ ಫೋಟೋಗೆ ಬೆಳ್ಳಗಾಗುತ್ತಾ ಬರುತ್ತದೆ. ಮೂವತ್ತೆರಡನೆಯ ಫೋಟೋ ಅಲ್ಲಿಲ್ಲ. ಅದಕ್ಕೆ ಕಾರಣ ನಾನು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಏಕೆಂದರೆ ಕೊನೆಗೆ ಹೇಳೋಣ ಎಂದು ಇಟ್ಟುಕೊಂಡ ಮಾತನ್ನು ನಾನು ಸಾಮಾನ್ಯವಾಗಿ ಹೇಳುವುದೇ ಇಲ್ಲ.

ನನ್ನ ಹೆಸರು ಯೋಗೀಶ್. ತಿಪಟೂರಿನ ಕೊಬ್ಬರಿ ವ್ಯಾಪಾರದ ಮನೆಯವನು. ಇಲ್ಲಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನಾಲ್ಕು ವರ್ಷದ ಹಿಂದೆ ಆಗಷ್ಟೇ ಕೆಲಸಕ್ಕೆ ಸೇರಿದ್ದೆ, ಇನ್ನೂ ಕಾಯಂ ಆಗಿರಲಿಲ್ಲ. ಹೊಸಬರ ತಲೆಗೆ ಏನು ಕಟ್ಟಿದರೂ ಬೇಡ ಅನ್ನುವುದಿಲ್ಲ ಎಂಬುದು ಎಲ್ಲ ಹೆಡ್‌ಮಾಸ್ಟರಿಗೂ ಗೊತ್ತು. ನಮ್ಮವರು ನನ್ನ ತಲೆಗೆ ಸ್ಕೌಟ್ ದಳ ಕಟ್ಟಿದರು. ರಾಜಣ್ಣನಿಗೆ ವಯಸ್ಸಾಯಿತು, ಫೋನು ಗೀನು ಅಂದರೆ ಆಗುವುದಿಲ್ಲ, ನೀವು ಜೊತೆಗಿರಿ ಸಾಕು ಎಂದರು. ಭಾನುವಾರ ಬೆಳಗಿನ ನಿದ್ದೆ ಹಾಳಾಯಿತಲ್ಲ ಎಂಬ ಒಂದೇ ಸಿಟ್ಟಿನಲ್ಲಿ ನಾನು ಅಲ್ಲಿಗೆ ಹೋದವನು. ಸೇವೆ ಗೀವೆ ಏನೂ ನನ್ನ ಮನಸ್ಸಿನಲ್ಲಿರಲಿಲ್ಲ.

ರಾಜಣ್ಣ ಶೆಟ್ಟಿಕೆರೆ ಕಡೆಯವರು. ಎಂಟನೇ ಕ್ಲಾಸಿನಲ್ಲಿ ಒಂದು ಸ್ಕೌಟ್ ಶಿಬಿರಕ್ಕೆ ಯಾರದೋ ಚಡ್ಡಿ ಹಾಕಿಕೊಂಡು ಹೋಗಿದ್ದರಂತೆ. ಚಡ್ಡಿ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಮೂರು ದಿನವೂ ಒಂದು ಕೈಯಲ್ಲಿ ಚಡ್ಡಿ ಹಿಡಿದುಕೊಂಡೇ ಕವಾಯತು ಮಾಡಿದೆ ಎಂದು ನಗುತ್ತಾ ಹೇಳುತ್ತಿದ್ದರು. ಹತ್ತನೇ ಕ್ಲಾಸು ಆಗಲಿಲ್ಲ. ತಿಪಟೂರಿನ ಒಬ್ಬ ಟೈಲರ್ ಹತ್ತಿರ ಆರು ವರ್ಷ ಕಾಜಾ ಹಾಕಿ, ಗುಂಡಿ ಹೊಲಿದು, ಕೊನೆಗೆ ಕತ್ತರಿ ಹಿಡಿದರು. ಸ್ವಂತ ಅಂಗಡಿ ಇಟ್ಟ ಮೇಲೆ ಶಾಲೆಯವರು ಸ್ಕೌಟ್ ಬಟ್ಟೆ ಹೊಲಿಯಲು ಕರೆದರು, ಹೊಲಿಯಲು ಹೋದವರು ದಳವನ್ನೇ ಹೊತ್ತುಕೊಂಡು ಬಂದರು. ಅಂದಿನಿಂದ ಯಾವ ಹುಡುಗನ ಚಡ್ಡಿಯೂ ಜಾರಿಲ್ಲ. ಅವರ ಹೆಂಡತಿ ರಾಧಾಮಣಿ ಅಕ್ಕ ಇದನ್ನು ಹೇಳಿ ಗಂಡನನ್ನು ರೇಗಿಸುವುದುಂಟು, ಮೂವತ್ತು ವರ್ಷದಲ್ಲಿ ನಿಮ್ಮ ಸಾಧನೆ ಅಷ್ಟೇ ಎಂದು.

ಅವರು ಹುಡುಗರನ್ನು ಲೆಕ್ಕ ಹಾಕುವ ರೀತಿ ಬೇರೆಯೇ ಇತ್ತು. ಹೊರಗೆಲ್ಲಾದರೂ ಹೋದಾಗ ನಿಂತ ಕಡೆಯಲ್ಲೆಲ್ಲ ಪ್ರತಿ ಹುಡುಗನ ಹೆಗಲು ಮುಟ್ಟಿ ಅವನ ಹೆಸರು ಹೇಳುತ್ತಿದ್ದರು, ಅಷ್ಟೇ. ಎಷ್ಟು ಜನ ಎಂದು ಕೇಳಿದರೆ ಅವರಿಗೆ ಸಂಖ್ಯೆ ಬರುತ್ತಿರಲಿಲ್ಲ. ಎಲ್ಲ ಇದ್ದಾರೆ ಅನ್ನುತ್ತಿದ್ದರು, ಇಲ್ಲವೇ ಇಂಥವನು ಇಲ್ಲ ಅನ್ನುತ್ತಿದ್ದರು. ಎಲ್ಲರ ಅಂಗಿಯನ್ನೂ ಹೊಲಿದವರು ಅವರೇ, ಯಾವ ಹೆಗಲು ಎಷ್ಟು ಅಗಲ, ಯಾವುದು ಸ್ವಲ್ಪ ಇಳಿಜಾರು ಎನ್ನುವುದು ಕೈಗೆ ಗೊತ್ತಿತ್ತು. ಇದೇನು ಸಾರ್, ಎಣಿಸಿದರೆ ಆಗೋಲ್ವೇ ಎಂದು ನಾನು ಒಮ್ಮೆ ಕೇಳಿದೆ.

"ಎಣ್ಸಾದು ಕಾಯಿನ ಕಣಪ್ಪ," ಎಂದರು. "ಮಕ್ಕಳ್ನ ಮುಟ್ಟಿ ಹೆಸ್ರು ಹಿಡಿದು ಕರೀಬೇಕು."

ಹುಡುಗರಿಗೆ ಅವರು ಕಲಿಸುತ್ತಿದ್ದ ಮೊದಲ ಪಾಠವೂ ಗಂಟು ಹಾಕುವುದಲ್ಲ. ದಾರಿ ತಪ್ಪಿದರೆ ಓಡಾಡಬೇಡಿ, ಯಾರ ಹಿಂದೆಯೂ ಹೋಗಬೇಡಿ, ಇದ್ದಲ್ಲೇ ಕೂತಿರಿ, ನಾನು ಬಂದೇ ಬರುತ್ತೀನಿ. ಇದನ್ನು ಪ್ರತಿ ಭಾನುವಾರ ಹೇಳಿಸುತ್ತಿದ್ದರು. ಕೇಳಿ ಕೇಳಿ ನನಗೆ ಬೇಜಾರಾಗಿಹೋಗಿತ್ತು.

ಹೀಗಿರುವಾಗ ಸ್ಕೌಟ್ ಸಂಸ್ಥೆಯಿಂದ ಹೊಸ ಕಾರ್ಯಕ್ರಮ ಬಂತು. ಹಳೆಯ ಪರೀಕ್ಷೆಗಳೆಲ್ಲ ಹೋದವು. ಹುಡುಗರೇ ತಮಗೆ ಬೇಕಾದ ಚಟುವಟಿಕೆ ಆರಿಸಿಕೊಳ್ಳಬೇಕು, ದೊಡ್ಡವರು ಹಿಂದೆ ನಿಲ್ಲಬೇಕು. ಎಲ್ಲವೂ ಫೋನಿನಲ್ಲಿ ದಾಖಲಾಗಬೇಕು. ಹೊರಗೆ ಕರೆದುಕೊಂಡು ಹೋದರೆ ಹೊರಡುವಾಗ, ನಡುವೆ, ಹಿಂತಿರುಗುವಾಗ, ಮೂರು ಸಲ ಎಣಿಕೆ ಹಾಕಬೇಕು. ಮಕ್ಕಳ ಮೈ ಮುಟ್ಟಬಾರದು. ಈ ಕೊನೆಯ ನಿಯಮ ಯಾಕೆ ಬಂತೆಂದು ಪೇಪರು ಓದುವವರಿಗೆಲ್ಲ ಗೊತ್ತು, ಅದನ್ನು ತಪ್ಪು ಅನ್ನುವ ಮೂರ್ಖ ನಾನಲ್ಲ. ಹಳೆಯ ಸ್ಕೌಟ್ ಮಾಸ್ಟರುಗಳು ತರಬೇತಿ ಮುಗಿಸಿ, ವರ್ಷದೊಳಗೆ ಒಂದು ಚಾರಣವನ್ನು ಹೊಸ ರೀತಿಯಲ್ಲಿ ಮಾಡಿ ದಾಖಲಿಸಿದರೆ ಮುಂದುವರಿಯಬಹುದು. ಇಲ್ಲದಿದ್ದರೆ ಸ್ಕಾರ್ಫು ಬಿಚ್ಚಿಡಬೇಕು.

ಆಚೀಚೆಯ ಹಳಬರು ಬಹಳ ಜನ ಬಿಚ್ಚಿಟ್ಟರು. ಅರವತ್ತೊಂದು ವರ್ಷದ ರಾಜಣ್ಣ ಬಿಚ್ಚಲಿಲ್ಲ. ಮೂರು ದಿನ ಅಂಗಡಿ ಮುಚ್ಚಿ ತುಮಕೂರಿಗೆ ಹೋಗಿ, ತಮ್ಮ ಮಗಳ ವಯಸ್ಸಿನ ತರಬೇತುದಾರರ ಮುಂದೆ ಕೂತು ಬಂದರು. ಪಾಸ್‌ವರ್ಡನ್ನು ಅಳತೆ ಪುಸ್ತಕದಲ್ಲಿ ತಮ್ಮದೇ ಹೆಸರಿನ ಕೆಳಗೆ, ಎದೆ ಮೂವತ್ತೆಂಟು, ಉದ್ದ ಇಪ್ಪತ್ತೊಂಬತ್ತು ಎಂಬುದರ ಪಕ್ಕದಲ್ಲಿ ಬರೆದುಕೊಂಡರು. ಆದರೂ ಫೋನು ಒಲಿಯಲಿಲ್ಲ. ಅವರ ಹೆಸರಿನಲ್ಲಿ ಅವರ ಫೋನಿನಲ್ಲಿ ಎಲ್ಲವನ್ನೂ ತುಂಬುತ್ತಿದ್ದವನು ನಾನು. ಮಕ್ಕಳಿಗೆ ಒಳ್ಳೆಯದಾದರೆ ಆಯಿತು ಬುಡು ಎಂದು ಅವರೂ ಸುಮ್ಮನಾಗಿದ್ದರು.

ಜನವರಿಯಲ್ಲಿ ಜಿಲ್ಲೆಯಿಂದ ಶಿಲ್ಪ ಎಂಬ ತರಬೇತುದಾರರು ದಳ ನೋಡಲು ಬಂದರು. ಒಳ್ಳೆಯ ಹೆಂಗಸು, ಮಾತು ಮೃದು. ಅಭ್ಯಾಸದಂತೆ ರಾಜಣ್ಣ ಸಾಲಿನ ಮೊದಲ ಹುಡುಗನ ಹೆಗಲ ಮೇಲೆ ಕೈಯಿಟ್ಟರು. ಆಕೆ ನಗುತ್ತಲೇ, ಬೇಡ ಸಾರ್, ದೂರದಿಂದಲೇ ಮಾಡೋಣ ಎಂದರು. ರಾಜಣ್ಣ ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು. ಆ ದಿನ ನನಗೆ ಪಾಪ ಅನ್ನಿಸಿತು.

ಮಾರ್ಚ್ ತಿಂಗಳ ಒಂದು ಭಾನುವಾರ ಚಾರಣ ಇಟ್ಟೆವು. ವರ್ಷ ಮುಗಿಯುವುದರೊಳಗೆ ರಾಜಣ್ಣನಿಗೆ ಉಳಿದಿದ್ದ ಕೆಲಸ ಅದೊಂದೇ. ಊರಿಂದ ಬಸ್ಸಿನಲ್ಲಿ ಒಂದು ಗಂಟೆ ದಾರಿಯ ಒಣ ಗುಡ್ಡ, ಕುರಿ ಕಾಯುವವರು ಬಿಟ್ಟರೆ ಯಾರೂ ಹತ್ತದ ಜಾಗ. ಇಪ್ಪತ್ತನಾಲ್ಕು ಹುಡುಗರು, ಶಾಲೆಯ ಬಸ್ಸು. ಬೆಳಿಗ್ಗೆ ಹೊರಡುವಾಗ ಎಣಿಕೆಯ ಫೋಟೋ ತೆಗೆಯಬೇಕು, ನಾನು ಫೋನು ಹಿಡಿದಿದ್ದೇನೆ, ರಾಜಣ್ಣ ಮತ್ತೆ ಒಬ್ಬನ ಹೆಗಲಿಗೆ ಕೈ ಹಾಕಿದರು. ನನಗೆ ರೇಗಿತು.

"ಸಾರ್, ಎಷ್ಟು ಸಲ ಹೇಳೋದು? ಮುಟ್ಟಬೇಡಿ, ಫೋಟೋ ಮೇಲಿನವರಿಗೆ ಹೋಗುತ್ತೆ. ಎಣಿಕೆ ನನಗೆ ಬಿಡಿ, ನಿಮ್ಮ ಪಾಡಿಗೆ ನೀವಿರಿ," ಎಂದುಬಿಟ್ಟೆ.

ಹುಡುಗರು ಕಿಸಕ್ಕನೆ ನಕ್ಕರು. ಮೂವತ್ತೊಂದು ವರ್ಷದಲ್ಲಿ ಆ ದಳದ ಹುಡುಗರು ಅವರನ್ನು ನೋಡಿ ಹಾಗೆ ನಕ್ಕಿದ್ದು ಅದೇ ಮೊದಲಿರಬೇಕು. ರಾಜಣ್ಣ ದಿನವೆಲ್ಲ ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ಸಾಲಿನ ಹಿಂದೆ ನಡೆದರು.

ಮಧ್ಯಾಹ್ನ ಒಂದೂವರೆಗೆ ಕೆಳಗಿಳಿದು ಬಸ್ಸಿನ ಹತ್ತಿರ ಬಂದೆವು. ರಾಜಣ್ಣ ಹೋಗಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತರು. ನಾನು ಬಾಗಿಲ ಹತ್ತಿರ ನಿಂತೆ. ಇಲ್ಲಿ ನಮ್ಮ ಮನೆಯ ಒಂದು ವಿಷಯ ಹೇಳಬೇಕು. ನಮ್ಮಪ್ಪ ತೋಟಗಳಲ್ಲಿ ಕಾಯಿ ಕೊಳ್ಳುವಾಗ ನಾನು ಚಿಕ್ಕಂದಿನಿಂದ ಎಣಿಸಲು ಹೋಗುತ್ತಿದ್ದೆ. ನಮ್ಮಲ್ಲಿ ಮೊದಲ ಕಾಯಿಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತೇವೆ. ಲಾಭ, ಎರಡು, ಮೂರು. ಮಕ್ಕಳಿಗೆ ಗಣಿತ ಕಲಿಸುವವನಾದರೂ ಬಾಯಲ್ಲಿ ಎಣಿಸುವಾಗ ನನಗೆ ಇವತ್ತಿಗೂ ಹಾಗೇ ಬರುತ್ತದೆ. ಆ ದಿನ ಬಾಗಿಲ ಕಂಬಿಯ ಮೇಲೆ ಕೈಯಿಟ್ಟು, ರಾಶಿಯ ಮೇಲೆ ಕೈಯಿಟ್ಟವನ ಹಾಗೆ, ಲಾಭ ಎಂದೆ. ಹುಡುಗರು ಇನ್ನೂ ಹತ್ತಿರಲಿಲ್ಲ. ಅಷ್ಟರಲ್ಲಿ ಫೋನು ಮತ್ತೆ ಏನೋ ಕೇಳಿತು, ಅದನ್ನು ಒತ್ತಿ ತಲೆಯೆತ್ತುವಾಗ ಮೊದಲನೆಯವನು ಮೆಟ್ಟಿಲ ಮೇಲಿದ್ದ. ಅವನಿಗೆ ಎರಡು ಎಂದೆ. ಕೊನೆಯವನಿಗೆ ಇಪ್ಪತ್ತನಾಲ್ಕು ಬಂತು. ಅದನ್ನೇ ಫೋನಿನಲ್ಲಿ ತುಂಬಿದೆ, ಬಾಗಿಲು ಹಾಕಿದೆ, ಹೊರಟೆವು.

ಶಾಲೆಯ ಮುಂದೆ ಮಕ್ಕಳನ್ನು ಇಳಿಸಿದಾಗ ಒಬ್ಬ ತಾಯಿ ಬಸ್ಸಿನೊಳಗೆ ಇಣುಕಿ, ನಮ್ಮ ಗಂಗರಾಜು ಎಲ್ಲಿ ಎಂದು ಕೇಳಿದಳು.

ಏಳನೇ ಕ್ಲಾಸಿನ ಹುಡುಗ. ಹೊಟ್ಟೆ ಕೆಟ್ಟು ಬಂಡೆಯ ಹಿಂದೆ ಹೋಗಿದ್ದನಂತೆ, ಬರುವಷ್ಟರಲ್ಲಿ ಬಸ್ಸು ಹೋಗಿತ್ತು. ಓಡಲಿಲ್ಲ. ಬಸ್ಸು ನಿಂತಿದ್ದ ಜಾಗದಲ್ಲೇ ಬಿಸಿಲಿನಲ್ಲಿ ಕೂತ. ಹತ್ತು ಮಾರು ಆಚೆ ಒಂದು ಹುಣಸೆ ಮರದ ನೆರಳಿತ್ತು, ಅಲ್ಲಿಗೂ ಹೋಗಲಿಲ್ಲ. ಕುರಿ ಕಾಯುವ ಹುಚ್ಚಣ್ಣ ಎಂಬಾತ ನೋಡಿ, ಬಾ ಮಗ, ಊರಿಗೆ ಬುಡ್ತೀನಿ ಎಂದು ಎರಡು ಸಲ ಕರೆದನಂತೆ. ಸಾರ್ ಬತ್ತಾರೆ ಎಂದು ಹುಡುಗ ಜಗ್ಗಲಿಲ್ಲವಂತೆ. ನಾವು ವಾಪಸ್ಸು ಅಲ್ಲಿಗೆ ತಲುಪಿದಾಗ ನಾಲ್ಕು ಗಂಟೆ. ಮೈ ಕಾದ ಹಂಚಾಗಿತ್ತು, ಕಣ್ಣು ನೆಟ್ಟುಕೊಂಡಿತ್ತು. ರಾಜಣ್ಣ ಅವನನ್ನು ಬಾಚಿ ಎದೆಗೆ ಹಾಕಿಕೊಂಡು ಬಸ್ಸಿಗೆ ಓಡಿದರು. ಮುಟ್ಟಬೇಡಿ ಎನ್ನುವ ಬಾಯಿ ಆಗ ನನಗಿರಲಿಲ್ಲ.

ಹುಡುಗ ಮೂರು ದಿನ ಆಸ್ಪತ್ರೆಯಲ್ಲಿದ್ದು ಉಳಿದುಕೊಂಡ. ಆದರೆ ಆಮೇಲೆ ಅಮ್ಮ ಹಿತ್ತಲಿಗೆ ಹೋದರೂ ಕಿರುಚುತ್ತಿದ್ದನಂತೆ. ಜೂನ್‌ನಲ್ಲಿ ಅವನನ್ನು ಮಾಯಸಂದ್ರದ ಸೋದರತ್ತೆಯ ಮನೆಗೆ ಕಳಿಸಿ ಅಲ್ಲಿಯ ಶಾಲೆಗೆ ಸೇರಿಸಿದರು.

ಶಾಲೆಯಲ್ಲಿ ವಿಚಾರಣೆ ನಡೆಯಿತು. ಎಣಿಕೆಯ ಹೊಣೆ ಯಾರದಾಗಿತ್ತು ಎಂದು ಕಾಗದದಲ್ಲಿ ಒಂದು ಪ್ರಶ್ನೆ. ಫೋನು ರಾಜಣ್ಣನದು, ದಾಖಲೆಯಲ್ಲಿ ಅವರದೇ ಹೆಸರು. ನಾನು ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಕಾಯಂ ಆಗುವ ಆದೇಶ ಅದೇ ತಿಂಗಳು ಬರಬೇಕಿತ್ತು. ರಾಜಣ್ಣ ನನ್ನ ಕಡೆ ನೋಡಲಿಲ್ಲ, ಪೆನ್ನು ತೆಗೆದುಕೊಂಡು 'ನನ್ನದು' ಎಂದು ಬರೆದು ಸಹಿ ಹಾಕಿದರು. ಕೊರಳಿನ ಸ್ಕಾರ್ಫನ್ನು ಬಿಚ್ಚಿ, ಅಂಚಿಗೆ ಅಂಚು ಸೇರಿಸಿ ಮಡಿಸಿ ಮೇಜಿನ ಮೇಲಿಟ್ಟರು. ನಾನು ಬಾಯಿ ಬಿಡಲಿಲ್ಲ. ಹೇಡಿತನಕ್ಕೆ ಬೇರೆ ಹೆಸರು ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ಆದೇಶ ಬಂತು. ಅದರ ಹಿಂದೆಯೇ ದಳವೂ ನನ್ನ ಪಾಲಿಗೆ ಬಂತು. ಹೊಸ ಕಾರ್ಯಕ್ರಮ ಚೆನ್ನಾಗಿ ಬಲ್ಲವರು ಎಂದು ಪತ್ರದಲ್ಲಿ ಬರೆದಿದ್ದರು. ಭಾನುವಾರ ಹುಡುಗರನ್ನು ಸಾಲಾಗಿ ನಿಲ್ಲಿಸುತ್ತೇನೆ. ಎಣಿಸಲು ಹೋದರೆ ಮೊದಲನೆಯವನ ಹತ್ತಿರವೇ ನಾಲಿಗೆ ತಡೆಯುತ್ತದೆ. ಈಗ ಸಂಖ್ಯೆಯನ್ನು ಹುಡುಗರಿಂದಲೇ ಹೇಳಿಸಿ ಬರೆದುಕೊಳ್ಳುತ್ತೇನೆ.

ಜುಲೈನಲ್ಲಿ ಒಂದು ಸಂಜೆ ಸತ್ಯವನ್ನೆಲ್ಲ ಬರೆದ ಕಾಗದವೊಂದನ್ನು ಜೇಬಿನಲ್ಲಿಟ್ಟುಕೊಂಡು ರಾಜಣ್ಣನ ಅಂಗಡಿಗೆ ಹೋದೆ. ಹೆಡ್‌ಮಾಸ್ಟರಿಗೆ ಕೊಡುವ ಮುಂಚೆ ಅವರಿಗೆ ತೋರಿಸಬೇಕು ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಅವರು ಬೇಡ ಅನ್ನಲಿ ಎಂಬ ಆಸೆಯೂ ಇತ್ತು. ಬರಿಗೈಯಲ್ಲಿ ಹೋಗಲು ಸಂಕೋಚವಾಗಿ, ಹೊಸ ಸಮವಸ್ತ್ರದ ಅಂಗಿಗೆಂದು ಆಕಾಶ ಬಣ್ಣದ ಬಟ್ಟೆಯನ್ನೂ ತೆಗೆದುಕೊಂಡಿದ್ದೆ.

ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಮೊದಲಿದ್ದ ಮಡಿಕೆಯಲ್ಲೇ ಮಡಿಸಿ ವಾಪಸ್ಸು ಕೊಟ್ಟರು.

"ನೀವು ಲಾಭ ಅಂದಿದ್ದು ನಂಗೆ ಕೇಳಿಸ್ತು," ಎಂದರು. "ಬಾಗ್ಲಲ್ಲಿ ಯಾರೂ ಇರ್ಲಿಲ್ಲ, ಅದೂ ಕಾಣಿಸ್ತು. ಒಂದು ಹೆಗಲು ಕಮ್ಮಿ ಅಂತ ಮನಸ್ಸು ಹೇಳ್ತಾನೇ ಇತ್ತು. ಎದ್ದು ಒಂದ್ಸಲ ಮುಟ್ಕೊಂಡು ಬಂದಿದ್ರೆ ಆಗೋದು. ನಿಮ್ಮ ಪಾಡಿಗೆ ನೀವಿರಿ ಅಂದ್ರಲ್ಲ, ಹಂಗೇ ಇರಾನ ಅಂತ ಕೂತ್ಕಂಡೆ. ಹಠ ಬಂದ್ಬುಡ್ತು. ಆ ಮಗ ನಾನು ಬತ್ತೀನಿ ಅಂತ ಬಿಸ್ಲಲ್ಲಿ ಕೂತಿದ್ದ, ನಾನು ಇಲ್ಲಿ ಹಠ ಹಿಡ್ಕಂಡು ಕೂತಿದ್ದೆ."

ನನ್ನ ಎದೆಯ ಭಾರ ಅರ್ಧ ಇಳಿಯಿತು. ಅದು ಇಳಿದದ್ದು ತಿಳಿದು ನನ್ನ ಮೇಲೆ ನನಗೇ ಅಸಹ್ಯವಾಯಿತು. ಅಷ್ಟರಲ್ಲಿ ಇನ್ನೊಂದು ಹೊಳೆಯಿತು. ನಾಲ್ಕು ವರ್ಷದಿಂದ ಬಾರಪ್ಪ, ಹೋಗಪ್ಪ, ನೀನು ಎನ್ನುತ್ತಿದ್ದವರು ಈಗ ನೀವು ಎನ್ನುತ್ತಿದ್ದರು. ಸಿಟ್ಟಿಲ್ಲ, ಕೊಂಕಿಲ್ಲ, ಹೊಸ ಗಿರಾಕಿಯ ಜೊತೆ ಆಡುವ ಮಾತಿನ ಹಾಗಿತ್ತು.

ಬಟ್ಟೆಯನ್ನು ಹಲಗೆಯ ಮೇಲಿಟ್ಟೆ. ಅಂಗಿಗೆ ಎಂದೆ. ಅಳತೆಗೆಂದು ಎದ್ದು ನಿಂತು, ಅವರಿಗೆ ಬೆನ್ನು ಮಾಡಿ, ಎರಡೂ ಕೈ ಸ್ವಲ್ಪ ಎತ್ತಿದೆ. ಟೇಪು ಅವರ ಕೊರಳಿನಲ್ಲೇ ಇತ್ತು. ಹಿಂದಿನಿಂದ ಹೆಜ್ಜೆಯ ಸದ್ದು ಬರಲಿಲ್ಲ.

"ಈಗ ಯಾರನ್ನೂ ಮುಟ್ಟಿ ಅಳತೆ ತಗಳಲ್ಲ," ಎಂದರು. "ಹಳೇ ಅಂಗಿ ಒಂದಿದ್ರೆ ತಂದ್ಕೊಡಿ ಸಾರ್."

ನಾನು ಕೈ ಇಳಿಸಿದೆ. ಮರುದಿನ ರಾಧಾಮಣಿ ಅಕ್ಕನ ಕೈಯಲ್ಲಿ ಹಳೆಯ ಅಂಗಿ ಕೊಟ್ಟು ಬಂದೆ. ಕಾಗದವನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ.