ಅಕ್ಕನ ಹಾಡಿಗೆ ಅಂಟಿದ ಕೊಕ್ಕೆ

'ಡಂಗ್' ಎನ್ನುತ್ತಿತ್ತು ನನ್ನ ಲ್ಯಾಪ್‌ಟಾಪ್, ಪಾಸ್‌ವರ್ಡ್ ತಪ್ಪಾದಾಗಲೆಲ್ಲ; ಯಾರೋ ಹಿತ್ತಾಳೆ ಬೋಗುಣಿಗೆ ಸೌಟಿನಿಂದ ಬಡಿದ ಹಾಗೆ. ಕಲ್ಯಾಣದುರ್ಗದ ಅಕ್ಕನ ಮನೆಯಲ್ಲಿ ಆ ಬೆಳಿಗ್ಗೆಯೆಲ್ಲ ಅದೇ ಮಂಗಳವಾದ್ಯ.

ಅಕ್ಕನ ಗಂಟಲಿಗೆ ಆ ವಾರ ಆಪರೇಷನ್. ಆಮೇಲೆ ದನಿ ಉಳಿದೀತೆಂದು ಡಾಕ್ಟರು ಗ್ಯಾರಂಟಿ ಕೊಟ್ಟಿರಲಿಲ್ಲ. ಅದಕ್ಕೇ ಅವಳು ಅಮ್ಮನಿಂದ ಕಲಿತ ಆರತಿ ಹಾಡನ್ನು ಭಾವನ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಸಿಟ್ಟಿದ್ದಳು. ಅದನ್ನು ಒಯ್ಯಲೆಂದೇ ನಾನು ಲ್ಯಾಪ್‌ಟಾಪ್ ಹೊತ್ತು ಹಿಂದೂಪುರದಿಂದ ಬಂದಿದ್ದೆ.

ಪೆನ್‌ಡ್ರೈವ್ ತೆಗೆದದ್ದೇ ತಡ, ಭಾವ ಹಾವು ಕಂಡವರಂತೆ ಹಿಂದೆ ಸರಿದರು.

"ಬ್ಯಾಡ ಕಣಮ್ಮ, ನಿನ್ ವಿಂಡೋಸ್ ವೈರಸ್ಸೆಲ್ಲಾ ನನ್ ಲಿನಕ್ಸಿಗೆ ಅಂಟ್ಬುಡ್ತದೆ. ಎರಡೂ ಒಂದೇ ವೈಫೈನಲ್ಲಿ ಅವೆ. ಫೋಲ್ಡರ್ ಷೇರ್ ಮಾಡ್ತೀನಿ, ತಕ್ಕೋ."

ರಿಟೈರ್ ಆದ ಮೇಲೆ ಭಾವನಿಗೆ ಲಿನಕ್ಸಿನ ದೀಕ್ಷೆಯಾಗಿತ್ತು. ವಿಂಡೋಸ್ ಸೋಕಿದರೆ ಮಡಿ ಕೆಡುತ್ತಿತ್ತು. ಒಂದೇ ಚಾಪೆಯ ಮೇಲಿನ ಎರಡು ಕಂಪ್ಯೂಟರುಗಳು ಮುನಿದ ಓರಗಿತ್ತಿಯರಂತೆ ಒಂದರ ಮುಖ ಒಂದು ನೋಡಲೊಲ್ಲವು. ಭಾವನೋ ವರ್ಕ್‌ಗ್ರೂಪ್ ಎನ್ನುವರು, ಪರ್ಮಿಷನ್ ಎನ್ನುವರು, ನನ್ನ ಹೆಸರಿನ ಸ್ಪೆಲಿಂಗನ್ನೇ ತಪ್ಪು ಹೊಡೆದು ನನ್ನನ್ನೇ ಗದರುವರು. ನಮ್ಮ ಕಾನ್ವೆಂಟಿನ ಸಿಸ್ಟರ್ ಇದ್ದಿದ್ದರೆ ಅವರ ಬೆರಳ ಗೆಣ್ಣಿಗೆ ಸ್ಕೇಲ್ ಬೀಳುತ್ತಿತ್ತು.

"ಇಷ್ಟೊತ್ತಿಗೆ ನಾನೇ ಇನ್ನೊಂದ್ ಸಲ ಹಾಡ್ಬುಡ್ತಿದ್ದೆ ಕಣ್ರೀ," ಎಂದಳು ಅಕ್ಕ. ದನಿ ಆಗಲೇ ಒಡೆದಿತ್ತು. ಇನ್ನು ಹಾಡಲಾರಳೆಂದು ಮೂವರಿಗೂ ಗೊತ್ತಿತ್ತು.

ಊಟದ ಹೊತ್ತಿಗೆ ಫೋಲ್ಡರ್ ತೆರೆಯಿತು. ಒಳಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಹೆಸರಿನ ಫೈಲೊಂದು, ಅಷ್ಟೇ.

"ಹಾಡೆಲ್ಲಿ ಭಾವ?"

"ಅಲ್ಲೇ ಅದೆ. ಕನ್ನಡಕ ಹಾಕ್ಕೊಂಡ್ ನೋಡಮ್ಮ."

ಎದ್ದು ಹೋಗಿ ಅವರದೇ ಸ್ಕ್ರೀನ್ ನೋಡಿದೆ. ಹಾಡಿಗೆ ಅವರಿಟ್ಟಿದ್ದ ಹೆಸರು: 'ಇದೂ ಒಂದ್ ಹಾಡಾ?' ಫೈಲಿನ ಹೆಸರಿನಲ್ಲಿ ಕ್ವೆಶ್ಚನ್ ಮಾರ್ಕನ್ನು ವಿಂಡೋಸ್ ಒಪ್ಪುವುದಿಲ್ಲ. ಲಿನಕ್ಸ್ ಒಪ್ಪುತ್ತದೆ, ಥ್ಯಾಂಕ್ ಯು ವೆರಿ ಮಚ್. ನನ್ನ ಕಡೆಗೆ ಬರುವಷ್ಟರಲ್ಲಿ ಅವರ ಜಾಣ ಜೋಕು ಕಸವಾಗಿತ್ತು.

ಗಟ್ಟಿಯಾಗಿ ಓದಿಬಿಟ್ಟೆ.

"ತಮಾಷೆಗೆ ಕಣೇ," ಎಂದರು ಭಾವ, ಅಕ್ಕನ ಮುಖ ನೋಡದೆ.

"ಆ ಕೊಕ್ಕೆ ತೆಗೀರಿ ಮೊದ್ಲು," ಎಂದಳು ಅಕ್ಕ. ತೆಗೆದರು. "'ಇದೂ' ಬ್ಯಾಡ. 'ಒಂದ್' ಬ್ಯಾಡ. 'ಹಾಡು' ಅಂತ ಹಾಕಿ, ಸಾಕು."

ಕಣ್ಣು ಮಿಟುಕಿಸುವಷ್ಟರಲ್ಲಿ ಹಾಡು ನನ್ನ ಲ್ಯಾಪ್‌ಟಾಪಿಗೆ ಬಂತು.

ಆಪರೇಷನ್ನಿನಿಂದ ಅಕ್ಕ ಎದ್ದು ಬರಲಿಲ್ಲ. ನಾನವಳನ್ನು ಕೊನೆಯ ಸಲ ಕಂಡದ್ದು ಆ ಸಂಜೆ, ಬಸ್‌ಸ್ಟ್ಯಾಂಡಿನಲ್ಲಿ. ಲ್ಯಾಪ್‌ಟಾಪ್ ಇದ್ದ ನನ್ನ ಬ್ಯಾಗನ್ನು ಡಿಕ್ಕಿಗೆ ಎಸೆಯಹೊರಟ ಕಂಡಕ್ಟರನ ಮೇಲೆ ಆ ಒಡಕು ದನಿಯಲ್ಲೇ, ತೆಲುಗಿನಲ್ಲಿ, ಹರಿಹಾಯ್ದಳು: "ಪೈನೇ ಪೆಟ್ಟಯ್ಯಾ! ನಾ ಗೊಂತು ಉಂದಿ ದಾಂಟ್ಲೋ!" ಮೇಲೇ ಇಡಬೇಕಂತೆ, ತನ್ನ ಗಂಟಲು ಅದರೊಳಗಿದೆಯಂತೆ. ಅವನು ಅವಳನ್ನೊಮ್ಮೆ, ಬ್ಯಾಗನ್ನೊಮ್ಮೆ ನೋಡಿ, ಅದನ್ನು ಬಸ್ಸು ಹತ್ತಿ ಕೂತಿದ್ದ ನನ್ನ ತೊಡೆಯ ಮೇಲಿಟ್ಟ. ಬಸ್ಸು ಹೊರಡುವವರೆಗೂ ಅಕ್ಕ ಸೊಂಟಕ್ಕೆ ಕೈಕೊಟ್ಟು ಅವನನ್ನೇ ದುರುಗುಟ್ಟಿ ನೋಡುತ್ತ ನಿಂತಿದ್ದಳು. ನನ್ನ ಕಡೆ ನೋಡಲೇ ಇಲ್ಲ.