ಬಿದ್ದು ಏಳುವ ಯಂತ್ರ

ಆ ಮನೆಯ ಸೊಸೆಗೆ ಸಂಬಳ ಬರುತ್ತಿದ್ದುದು ನಕ್ಷತ್ರಮೀನುಗಳನ್ನು ಅಂಗಾತ ಮಲಗಿಸುವುದಕ್ಕೆ. ಕೇಳಿದವರು ನಗುತ್ತಿದ್ದರು, ನಗಲಿ. ಅವಳು ಎಂಜಿನಿಯರು. ದೊಡ್ಡ ಕೊಳವೆಗಳೊಳಗೆ ನುಗ್ಗಿ ಬಿರುಕು ಹುಡುಕುವ ಐದು ಕಾಲಿನ ಯಂತ್ರವೊಂದನ್ನು ಅವಳ ಪ್ರಯೋಗಾಲಯ ಕಟ್ಟುತ್ತಿತ್ತು. ಯಂತ್ರ ಚೆನ್ನಾಗಿಯೇ ನಡೆಯುತ್ತಿತ್ತು. ಮಗುಚಿ ಬಿದ್ದರೆ ಮಾತ್ರ ಕಾಲು ಬಡಿಯುತ್ತಾ ಬಿದ್ದಲ್ಲೇ ಬಿದ್ದಿರುತ್ತಿತ್ತು. ನಕ್ಷತ್ರಮೀನು ಹಾಗಲ್ಲ. ಅಂಗಾತ ಹಾಕಿದರೆ ತೋಳಿನ ತುದಿ ತಿರುಚಿ, ನೆಲ ಹಿಡಿದು, ನಿಧಾನಕ್ಕೆ ಮೈಯನ್ನೆಲ್ಲ ಹೊರಳಿಸಿಕೊಳ್ಳುತ್ತದೆ. ಆ ಬಗೆಯನ್ನು ಕಲಿತು ಯಂತ್ರಕ್ಕೆ ಕಲಿಸಬೇಕು. ಅಲ್ಲಿ ಒಂದು ಕಟ್ಟುನಿಟ್ಟು: ಮಲಗಿಸಿದ ಮೇಲೆ ಮುಟ್ಟಕೂಡದು. ಕೈ ತಾನಾಗಿ ಮುಂದೆ ಹೋಗದಿರಲೆಂದು ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುವುದನ್ನು ರೂಢಿಸಿಕೊಂಡಿದ್ದಳು.

ಮನೆಯಲ್ಲಿ ಅತ್ತೆ. ಬಾಯಿ ಜೋರು, ಮಂಡಿ ನೋವು. "ಮೀನಿನ ಡಾಕ್ಟ್ರು ಬಂದ್ಲು, ದಾರಿ ಬಿಡ್ರಪ್ಪ" ಎಂದು ಸಂಜೆ ಛೇಡಿಸುವರು. ಅವಳಿಲ್ಲದಾಗ ಪಕ್ಕದ ಮನೆಯವರ ಮುಂದೆ ಅವಳನ್ನು ಅಟ್ಟಕ್ಕೇರಿಸುವರು. ತಾಯಿಯಿಲ್ಲದೆ ಬೆಳೆದ ಸೊಸೆಗೆ ಈ ಅತ್ತೆಯಿಂದ ಒಳ್ಳೆಯವಳೆನಿಸಿಕೊಳ್ಳುವುದೇ ದೊಡ್ಡ ಆಸೆ.

ಒಂದು ಬೆಳಿಗ್ಗೆ ಅಡುಗೆಮನೆಯ ಒದ್ದೆ ನೆಲದ ಮೇಲೆ ಅತ್ತೆ ಜಾರಿ ಬಿದ್ದರು. ಸದ್ದು ಕೇಳಿ ಸೊಸೆ ಓಡಿ ಬಂದಳು, ಬಾಗಿಲಲ್ಲಿ ನಿಂತಳು. ನಿಂತೇಬಿಟ್ಟಳು. ಅತ್ತೆ ಒಂದು ಕೈಯನ್ನು ಮೈ ಕೆಳಗೆ ಮಡಚಿಕೊಂಡರು, ಭಾರವನ್ನೆಲ್ಲ ಆ ಕಡೆಗೆ ತಂದರು, ತಲೆ ಎತ್ತಿ ಒಂದು ಗಳಿಗೆ ತಡೆದರು, ಆಮೇಲೆ ಇನ್ನೊಂದು ಕೈ ಊರಿ, ಹೊರಳಿ, ಎದ್ದು ಕೂತರು. 'ಅರೆ, ಮೊದಲು ಭಾರ, ಆಮೇಲೆ ಇನ್ನೊಂದು ತೋಳು!' ಎಂದು ಸೊಸೆಯ ಮನಸ್ಸು ಕುಣಿಯಿತು. ತನ್ನ ಎರಡೂ ಕೈ ಬೆನ್ನ ಹಿಂದೆ ಇವೆ ಎಂದು ಆಗಷ್ಟೇ ಅವಳಿಗೆ ಗೊತ್ತಾಯಿತು.

ನಾಚಿಕೆಯಿಂದ ಮುಖವೆಲ್ಲ ಉರಿಯಿತು. ಓಡಿ ಹೋಗಿ ತೋಳು ಹಿಡಿದಳು.

"ಪೆಟ್ಟಾಯ್ತಾ ಅತ್ತೆ?"

"ಏನಿಲ್ಲ ಬಿಡೇ, ಎದ್ದೆನಲ್ಲ."

ಬೈಯಲಿಲ್ಲ. ಅಷ್ಟು ಬಾಯಿ ಜೋರಿನ ಅತ್ತೆ ಬೈಯದೆ ಹೋದದ್ದೇ ಅವಳನ್ನು ಚುಚ್ಚಿತು.

ಇಷ್ಟಕ್ಕೇ ಮುಗಿದಿದ್ದರೆ ಎಷ್ಟೋ ವಾಸಿ. ಮಹಾತಾಯಿ, ಕಂಡದ್ದನ್ನು ಕಂಡ ಹಾಗೆಯೇ ಯಂತ್ರಕ್ಕೆ ಕಲಿಸಿದಳು! ಯಂತ್ರ ಮಗುಚಿ ಬಿತ್ತು, ಕಾಲು ಮಡಚಿತು, ಭಾರವನ್ನು ಆ ಕಡೆಗೆ ತಂದಿತು, ಒಂದು ಗಳಿಗೆ ತಡೆಯಿತು, ಎದ್ದು ನಿಂತಿತು. ಪ್ರಯೋಗಾಲಯದಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು.

"ಇದು ಹೇಗೆ ಹೊಳೀತು ನಿಮ್ಗೆ?" ಎಂದು ಮುಖ್ಯಸ್ಥರು ಕೇಳಿದರು.

"ನಕ್ಷತ್ರಮೀನು, ಸರ್" ಎಂದಳು, ನೆಲ ನೋಡುತ್ತಾ.

ಯಂತ್ರ ಎದ್ದು ನಿಲ್ಲುವ ವಿಡಿಯೊ ಇದ್ದ ಫೋನನ್ನು ಗಂಡ ಹೆಮ್ಮೆಯಿಂದ ಅಮ್ಮನ ಕೈಗೆ ಕೊಟ್ಟ. ಸೊಸೆ ಬೇಡವೆನ್ನುವಷ್ಟರಲ್ಲಿ ಅತ್ತೆ ಕನ್ನಡಕ ಹಾಕಿಕೊಂಡಾಗಿತ್ತು. ಒಮ್ಮೆ ನೋಡಿದರು. ಇನ್ನೊಮ್ಮೆ ನೋಡಿದರು.

"ಇದು ಮೀನಲ್ಲ ಕಣೇ, ನಾನು" ಎಂದು ನಕ್ಕರು. ಭೂಮಿ ಬಾಯಿ ಬಿಡಬಾರದೇ ಎನಿಸಿತು ಸೊಸೆಗೆ.

"ಅದಿರ್ಲಿ, ಮಧ್ಯದಲ್ಲಿ ಯಾಕೆ ಹಾಗೆ ತಡೆಯುತ್ತೆ ಇದು?"

"ಸಮತೋಲಕ್ಕೆ, ಅತ್ತೆ. ನೀವೂ... ನೀವೂ ತಡೆದ್ರಲ್ಲ."

"ನಾನಾ?" ಅತ್ತೆ ಫೋನನ್ನು ಮೆಲ್ಲಗೆ ಕೆಳಗಿಟ್ಟರು. "ನೀನು ಬಂದು ಎತ್ತೀಯೇನೋ ಅಂತ ನೋಡ್ತಿದ್ದೆ ಕಣೇ."

ಮರುದಿನ ಸೊಸೆ ಯಂತ್ರದಿಂದ ಆ ತಡೆಯನ್ನು ತೆಗೆದುಹಾಕಿದಳು. ಮಗುಚಿ ಹಾಕಿ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತು ನೋಡಿದಳು. ಯಂತ್ರ ಯಾರಿಗೂ ಕಾಯದೆ ಎದ್ದು ನಿಂತಿತು.